ಸರಳಪಠ್ಯ, ಸಹಲೇಖನ, ಅಂಕಿತ: ಪಾಠಪರಂಪರೆಯ ದೃಷ್ಟಿಯಿಂದ ಒಂದು ವಿಚಾರ

ಹಸ್ತಪ್ರತಿಗಳ ನಡುವೆ ಕೆಲಸ ಮಾಡುವವರಿಗೆ ಪಾಠಾಂತರವೆಂಬುದು ನಿತ್ಯದ ಸಂಗತಿ. ಯಾವ ಪ್ರತಿಯಲ್ಲಿ ಅಕ್ಷರಲೋಪವಾಗಿದೆ, ಯಾವ ಲಿಪಿಕಾರನು ತನಗೆ ಅರ್ಥವಾಗದ ಪದವನ್ನು ಅರ್ಥವಾಗುವ ಪದವಾಗಿ ತಿದ್ದಿದ್ದಾನೆ, ಯಾವ ಭಾಗ ಮೂಲದ್ದು, ಯಾವುದು ಪ್ರಕ್ಷಿಪ್ತ ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳದೆ ನಾವು ಒಂದು ಗರಿಯನ್ನೂ ದಾಟುವುದಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಬೆಳೆದ ತಲೆಮಾರಿಗೆ ಈ ಎಚ್ಚರ ಸ್ವಭಾವವೇ ಆಗಿದೆ. ಆದರೆ ಪ್ರಾಚೀನರ ಕೃತಿಗಳ ಬಗೆಗೆ ಇಷ್ಟು ಜಾಗರೂಕರಾದ ನಮ್ಮ ವಿದ್ವದ್ವಲಯವು ತನ್ನದೇ ಸಂಶೋಧನ ಲೇಖನಗಳು ಹೇಗೆ ರೂಪುಗೊಂಡವು, ಇಬ್ಬರು ಮೂವರು ಕೂಡಿ ಬರೆದ ಲೇಖನದಲ್ಲಿ ಯಾವ ವಾಕ್ಯ ಯಾರದು, ಯಾವ ತಿದ್ದುಪಡಿ ಯಾವಾಗ ಬಂತು ಎಂಬುದಕ್ಕೆ ಆಧಾರ ಉಳಿಸುವುದು ಅಪರೂಪ. ಲೇಖನ ಅಚ್ಚಾದ ಮರುದಿನವೇ ಕರಡುಗಳು ಕಸವಾಗುತ್ತವೆ. ಗಣಿತ, ಭೌತವಿಜ್ಞಾನಾದಿ ಕ್ಷೇತ್ರಗಳಲ್ಲಿ ಕೂಡಿ ಬರೆಯುವವರು ಈ ವಿಷಯದಲ್ಲಿ ನಮಗಿಂತ ಬಹಳ ಮುಂದೆ ಹೋಗಿದ್ದಾರೆ. ಅವರು ಅನುಸರಿಸುವ ಸರಳಪಠ್ಯದ ಬರವಣಿಗೆಯನ್ನು ಗ್ರಂಥಸಂಪಾದನೆಯ ಕಣ್ಣಿನಿಂದ ನೋಡಿ, ಅದರಲ್ಲಿ ಗಟ್ಟಿಯೆಷ್ಟು ಜೊಳ್ಳೆಷ್ಟು ಎಂದು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊರನಾಡಿನ ಕನ್ನಡ ಪೀಠ, ವಿಭಾಗಗಳಿಗೆ ಈ ವಿಚಾರ ವಿಶೇಷವಾಗಿ ಸಂಬಂಧಿಸಿದ್ದು. ನಮ್ಮಲ್ಲಿ ಒಂದೆಡೆ ಇರುವವರ ಸಂಖ್ಯೆ ಕಡಿಮೆ. ಒಂದು ಶಾಸನಸೂಚಿಯನ್ನೋ ಹಸ್ತಪ್ರತಿಗಳ ವಿವರಣಾತ್ಮಕ ಪಟ್ಟಿಯನ್ನೋ ಸಿದ್ಧಪಡಿಸಬೇಕಾದರೆ ಮುಂಬಯಿಯವರೊಬ್ಬರು, ಹೈದರಾಬಾದಿನವರೊಬ್ಬರು, ಚೆನ್ನೈಯಲ್ಲಿರುವ ಸಂಶೋಧನ ವಿದ್ಯಾರ್ಥಿಯೊಬ್ಬರು ಸೇರಲೇಬೇಕು. ಕರಡು ಅಂಚೆಯಲ್ಲಿ ಓಡಾಡುತ್ತಿದ್ದ ಕಾಲ ಹೋಗಿ ಈಗ ಮಿಂಚಂಚೆಯ ಲಗತ್ತಾಗಿ ಓಡಾಡುತ್ತದೆ. ಕಡತದ ಹೆಸರು ಮೊದಲು ‘ಅಂತಿಮ’ ಎಂದಿರುತ್ತದೆ, ಆಮೇಲೆ ‘ಅಂತಿಮ-೨’, ಕೊನೆಗೆ ‘ಅಂತಿಮ-ಸರಿಪಡಿಸಿದ್ದು-ಹೊಸದು’. ಇವುಗಳಲ್ಲಿ ಯಾವುದು ಯಾವುದರಿಂದ ಹುಟ್ಟಿತೆಂದು ಹೇಳುವುದು ಓಲೆಪ್ರತಿಗಳ ವಂಶವೃಕ್ಷ ಬಿಡಿಸುವುದಕ್ಕಿಂತ ಸುಲಭವಲ್ಲ. ಓಲೆಪ್ರತಿಯಲ್ಲಾದರೂ ಲಿಪಿಕಾರನು ಕೊನೆಗೊಂದು ಪುಷ್ಪಿಕೆ ಬರೆದು, ತನ್ನ ಹೆಸರನ್ನೂ ಕಾಲವನ್ನೂ ಸೂಚಿಸಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುವುದುಂಟು.

ಇದು ಕೇವಲ ಅಚ್ಚುಕಟ್ಟಿನ ಪ್ರಶ್ನೆಯಾಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೧೮ರ ನಿಯಮಾವಳಿಯು ಜಂಟಿ ಪ್ರಕಟಣೆಗಳ ಅಂಕಗಳನ್ನು ಹಂಚಿದ ಕ್ರಮವನ್ನು ಓದುಗರು ಬಲ್ಲರು. ಇಬ್ಬರೇ ಲೇಖಕರಿದ್ದರೆ ಒಬ್ಬೊಬ್ಬರಿಗೂ ನೂರಕ್ಕೆ ೭೦. ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ ಅಥವಾ ಪ್ರಧಾನ ಲೇಖಕರಿಗೆ ೭೦, ಉಳಿದ ಪ್ರತಿಯೊಬ್ಬರಿಗೂ ೩೦. ಕೆಲಸದ ನಿರೀಕ್ಷೆಯಲ್ಲಿರುವ ತರುಣ ಸಂಶೋಧಕರಿಗೆ ೭೦ಕ್ಕೂ ೩೦ಕ್ಕೂ ಇರುವ ಅಂತರ ಚಿಕ್ಕದಲ್ಲ. ಪ್ರಧಾನರು ಯಾರೆಂಬುದಕ್ಕೆ ಆಧಾರ ಹೆಸರುಗಳ ಅನುಕ್ರಮ; ಆ ಅನುಕ್ರಮಕ್ಕೆ ಆಧಾರ ಏನೆಂದು ಕೇಳಿದರೆ ಬಹಳ ಸಲ ವಯಸ್ಸು ಮತ್ತು ಹುದ್ದೆಗಳ ಹೊರತು ಬೇರೇನೂ ದೊರೆಯದು. ವಿಜ್ಞಾನ ಪತ್ರಿಕೆಗಳು ೨೦೧೪ರಿಂದೀಚೆಗೆ ಸಹಲೇಖಕರ ಪಾತ್ರಗಳನ್ನು ಹದಿನಾಲ್ಕು ಬಗೆಯಾಗಿ ವಿಂಗಡಿಸುವ ಪದ್ಧತಿಯೊಂದನ್ನು ಬಳಕೆಗೆ ತಂದಿವೆ. ಮೂಲ ಕರಡನ್ನು ಬರೆದದ್ದು ಒಂದು ಪಾತ್ರ, ಅದನ್ನು ಪರಿಶೀಲಿಸಿ ತಿದ್ದಿದ್ದು ಇನ್ನೊಂದು ಪಾತ್ರ ಎಂದು ಅಲ್ಲಿ ಸ್ಪಷ್ಟವಾಗಿ ಬೇರ್ಪಡಿಸಲಾಗಿದೆ. ಆದರೆ ಆ ಹೇಳಿಕೆಯೂ ಲೇಖಕರೇ ಕೊನೆಯಲ್ಲಿ ಕೂಡಿ ಬರೆದುಕೊಡುವ ಹೇಳಿಕೆ. ಪಠ್ಯದಿಂದಲೇ ಹೊರಡುವ ಸಾಕ್ಷ್ಯವಲ್ಲ. ಪಠ್ಯದಿಂದಲೇ ಹೊರಡುವ ಸಾಕ್ಷ್ಯ ಸಾಧ್ಯವೆ ಎಂಬುದೇ ನಮ್ಮ ಪ್ರಶ್ನೆ.

ಸರಳಪಠ್ಯವೆಂದರೆ ಅಕ್ಷರಗಳನ್ನಲ್ಲದೆ ಬೇರೇನನ್ನೂ ಇಟ್ಟುಕೊಳ್ಳದ ಗಣಕ ಕಡತ. ಅಕ್ಷರದ ಗಾತ್ರ, ಬಣ್ಣ, ಅಂಚು ಯಾವುದೂ ಅದರಲ್ಲಿ ಅಡಗಿರುವುದಿಲ್ಲ. ಶೀರ್ಷಿಕೆ, ಅಡಿಟಿಪ್ಪಣಿ, ಸಮೀಕರಣಗಳನ್ನು ಕಣ್ಣಿಗೆ ಕಾಣುವ ಚಿಹ್ನೆಗಳಿಂದಲೇ ಸೂಚಿಸಬೇಕು. ಪುಟದ ರೂಪ ಕೊಡುವ ಕೆಲಸ ಬೇರೊಂದು ತಂತ್ರಾಂಶದ್ದು. ಸ್ಟ್ಯಾನ್‌ಫರ್ಡ್‌ನ ಡೊನಾಲ್ಡ್ ಕ್ನೂತ್ ಅವರು ೧೯೭೭ರಲ್ಲಿ ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಮುದ್ರಣದ ಕರಡಚ್ಚುಗಳನ್ನು ಕಂಡು ಬೇಸತ್ತು ‘ಟೆಕ್’ ಎಂಬ ವ್ಯವಸ್ಥೆಯನ್ನು ರೂಪಿಸಲು ಹೊರಟದ್ದು, ೧೯೮೦ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ‘ಲೇಟೆಕ್’ ಕಟ್ಟಿದ್ದು ಈ ಪರಂಪರೆಯ ಮೊದಲ ಘಟ್ಟ. ೧೯೯೧ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಲಾಸ್ ಅಲಮಾಸ್‌ನಲ್ಲಿ ಆರಂಭಿಸಿದ, ಮುಂದೆ ‘ಆರ್ಕೈವ್’ ಎಂದು ಹೆಸರಾದ ಪೂರ್ವಮುದ್ರಣ ಭಂಡಾರವು ಲೇಖನದ ಅಚ್ಚಿನ ರೂಪದೊಂದಿಗೆ ಅದರ ಮೂಲಪಠ್ಯವನ್ನೂ ಕಾಯ್ದಿರಿಸಿತು. ಲೇಖಕರು ತಿದ್ದಿ ಕಳಿಸಿದಾಗ ಹಳೆಯ ಆವೃತ್ತಿಯನ್ನು ಅಳಿಸದೆ ಪಕ್ಕದಲ್ಲಿಯೇ ಉಳಿಸಿತು. ಲೇಟೆಕ್ಕಿನ ಚಿಹ್ನೆಗಳು ತೊಡಕೆನಿಸಿದವರಿಗೆ ಜಾನ್ ಗ್ರೂಬರ್ ಅವರ ‘ಮಾರ್ಕ್‌ಡೌನ್’ ೨೦೦೪ರಲ್ಲಿಯೂ, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ‘ಪ್ಯಾನ್‌ಡಾಕ್’ ೨೦೦೬ರಲ್ಲಿಯೂ ಬಂದವು. ಈ ಎರಡನೆಯದನ್ನು ರಚಿಸಿದ ಜಾನ್ ಮ್ಯಾಕ್‌ಫಾರ್ಲೇನ್ ವೃತ್ತಿಯಿಂದ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಎಂಬುದನ್ನು ಮಾನವಿಕ ವಿಭಾಗಗಳವರು ಗಮನಿಸಬಹುದು.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು ೨೦೦೫ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಂತ್ರಾಂಶದ ಕೆಲಸಕ್ಕಾಗಿ ರಚಿಸಿದ ‘ಗಿಟ್’. ಪಠ್ಯವನ್ನು ತಿದ್ದಿದ ಪ್ರತಿಯೊಂದು ಹಂತದಲ್ಲಿಯೂ ಅದು ಒಂದು ದಾಖಲೆ ಮಾಡುತ್ತದೆ: ಪಠ್ಯದ ಆಗಿನ ಸ್ಥಿತಿ, ತಿದ್ದಿದವರ ಹೆಸರು, ಕಾಲ, ತಿದ್ದಿದವರು ಬರೆದ ಚಿಕ್ಕ ಒಕ್ಕಣೆ, ಮತ್ತು ಇದಕ್ಕೆ ಹಿಂದಿನ ದಾಖಲೆ ಯಾವುದೆಂಬ ಸೂಚನೆ. ಈ ಎಲ್ಲದರಿಂದ ಲೆಕ್ಕಹಾಕಿ ತೆಗೆದ ಗುರುತುಸಂಖ್ಯೆಯೊಂದು ಪ್ರತಿ ದಾಖಲೆಗೂ ಇರುತ್ತದೆ. ಹಳೆಯದೊಂದರಲ್ಲಿ ಒಂದಕ್ಷರ ಬದಲಾದರೂ ಮುಂದಿನ ಎಲ್ಲ ಗುರುತುಸಂಖ್ಯೆಗಳೂ ಬದಲಾಗಿಬಿಡುತ್ತವೆ. ಇತಿಹಾಸವನ್ನು ಬೇಕೆಂದೇ ತಿದ್ದಿ ಬರೆಯಲು ಅವಕಾಶವಿದ್ದರೂ ಪ್ರತಿಯೊಬ್ಬ ಸಹಲೇಖಕರ ಬಳಿಯೂ ಸಾಮಾನ್ಯವಾಗಿ ಇಡೀ ಇತಿಹಾಸದ ನಕಲಿರುವುದರಿಂದ ಮೋಸ ಹೊರಬೀಳುತ್ತದೆ. ಒಂದೊಂದು ಓಲೆಪ್ರತಿಯ ಹೊಟ್ಟೆಯಲ್ಲಿಯೂ ಆ ಕೃತಿಯ ಸಮಗ್ರ ವಂಶವೃಕ್ಷ ಅಡಗಿದ್ದರೆ ಹೇಗಿರುತ್ತಿತ್ತೋ ಹಾಗೆ.

ಇದರ ಫಲವನ್ನು ಒಂದು ಕೃತಿಯಲ್ಲಿ ಪರೀಕ್ಷಿಸೋಣ. ೨೦೧೨-೧೩ರಲ್ಲಿ ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಸ್ಟೀವ್ ಆವೊಡಿ, ತಿಯರಿ ಕೊಕಾಂ ಮತ್ತು ವ್ಲಾದಿಮಿರ್ ವೊಯೆವೊದ್‌ಸ್ಕಿ ಅವರ ನೇತೃತ್ವದಲ್ಲಿ ಗಣಿತದ ತಳಹದಿಯನ್ನು ಕುರಿತು ಒಂದು ವಿಶೇಷ ವರ್ಷದ ಕಾರ್ಯಕ್ರಮ ನಡೆಯಿತು. ಪುಸ್ತಕ ಬರೆಯಬೇಕೆಂಬುದು ಅವರ ಮೊದಲ ಉದ್ದೇಶವಾಗಿರಲಿಲ್ಲ. ಆದರೂ ಸುಮಾರು ಎರಡು ಡಜನ್ ಗಣಿತಜ್ಞರು ಕೂಡಿ ಆರು ತಿಂಗಳೊಳಗೆ ಸುಮಾರು ೬೦೦ ಪುಟಗಳ ‘ಹೋಮೋಟೋಪಿ ಟೈಪ್ ಥಿಯರಿ’ ಎಂಬ ಗ್ರಂಥವನ್ನು ಲೇಟೆಕ್ಕಿನ ಸರಳಪಠ್ಯದಲ್ಲಿ, ಗಿಟ್ ಭಂಡಾರದಲ್ಲಿ ಬರೆದು ೨೦೧೩ರ ಜೂನಿನಲ್ಲಿ ಪ್ರಕಟಿಸಿದರು. ಅದರ ಗಣಿತವನ್ನು ವಿಮರ್ಶಿಸುವ ಅಧಿಕಾರ ನಮಗಿಲ್ಲ. ನಮ್ಮ ಆಸಕ್ತಿಯಿರುವುದು ಅದರ ಪಾಠಪರಂಪರೆಯಲ್ಲಿ. ಗ್ರಂಥದ ಮೂಲಪಠ್ಯವೂ ಅದರ ತಿದ್ದುಪಡಿಗಳ ದಾಖಲೆಯೂ ಯಾರು ಬೇಕಾದರೂ ನೋಡುವಂತೆ ತೆರೆದಿವೆ. ಪ್ರಕಟವಾದ ಮೇಲೆ ಎಲ್ಲಿಯೋ ಇರುವ ಓದುಗರು ಕಂಡ ಸ್ಖಾಲಿತ್ಯಗಳನ್ನು ಕಳಿಸಿದಂತೆ ತಿದ್ದಿ ಹೊಸ ಪ್ರತಿಗಳನ್ನು ಹೊರಡಿಸಿದ್ದಾರೆ. ಪ್ರತಿಯೊಂದು ಪ್ರತಿಯೂ ತಾನು ಯಾವ ದಾಖಲೆಯಿಂದ ಹುಟ್ಟಿದ್ದೆಂಬ ಗುರುತನ್ನು ತನ್ನ ಮೇಲೆಯೇ ಹೊತ್ತಿದೆ. ತನ್ನ ಮೂಲಪ್ರತಿ ಯಾವುದೆಂದು ತಾನೇ ಹೇಳಿಕೊಳ್ಳುವ ಹಸ್ತಪ್ರತಿ ಸಂಪಾದಕನಿಗೆ ಸಿಗುವುದು ಎಷ್ಟು ಅಪರೂಪವೆಂದು ವಿವರಿಸಬೇಕಾಗಿಲ್ಲ.

ಈ ಗ್ರಂಥದ ಕರ್ತೃತ್ವ ಮೂರು ಸ್ತರಗಳಲ್ಲಿದೆ. ಮುಖಪುಟದಲ್ಲಿ ಯಾವ ವ್ಯಕ್ತಿಯ ಹೆಸರೂ ಇಲ್ಲ. ‘ಯೂನಿವೇಲೆಂಟ್ ಫೌಂಡೇಶನ್ಸ್ ಪ್ರೋಗ್ರಾಂ’ ಎಂಬ ಗಣದ ಹೆಸರಿದೆ. ಭಾಗವಹಿಸಿದವರ ಪಟ್ಟಿ ಮುನ್ನುಡಿಯಲ್ಲಿದೆ. ಯಾವ ಪರಿಕಲ್ಪನೆ ಯಾರಿಂದ ಬಂತೆಂಬ ಋಣಸ್ಮರಣೆ ಅಧ್ಯಾಯಗಳ ಕೊನೆಯ ಟಿಪ್ಪಣಿಗಳಲ್ಲಿದೆ. ಯಾವ ವಾಕ್ಯ ಯಾರ ಕೈಯದು ಎಂಬುದು ಮಾತ್ರ ಅಚ್ಚಿನಲ್ಲಿ ಎಲ್ಲಿಯೂ ಇಲ್ಲ, ಅದು ಭಂಡಾರದ ದಾಖಲೆಯಲ್ಲಿದೆ. ಗಣಕ್ಕೆ ಕೀರ್ತಿ, ವಿಚಾರಕ್ಕೆ ಋಣ, ವಾಕ್ಯಕ್ಕೆ ಸಾಕ್ಷಿ ಎಂದು ಮೂರನ್ನೂ ಬೇರೆ ಬೇರೆ ಕಡೆ ಇಟ್ಟ ಈ ಕ್ರಮ ಬಹಳ ವಿವೇಕದ್ದು. ನಮ್ಮ ಲೇಖನಗಳಲ್ಲಿ ಈ ಮೂರೂ ಶೀರ್ಷಿಕೆಯ ಕೆಳಗಿನ ಒಂದೇ ಸಾಲಿನಲ್ಲಿ ತುರುಕಿಕೊಂಡಿರುವುದೇ ಜಗಳಗಳ ಬೇರು. ಗದ್ಯದ ದೃಷ್ಟಿಯಿಂದ ಹೇಳುವುದಾದರೆ, ಎಲ್ಲರೂ ಎಲ್ಲರದನ್ನೂ ತಿದ್ದಬಹುದಾದ ಕಾರಣದಿಂದಲೋ ಏನೋ ಗ್ರಂಥದ ಶೈಲಿ ಉದ್ದಕ್ಕೂ ಒಂದೇ ಹದದಲ್ಲಿದೆ. ಸ್ಪಷ್ಟತೆ ಹೆಚ್ಚಿದೆ, ಒಬ್ಬ ಲೇಖಕನ ದನಿ ಕೇಳುವುದಿಲ್ಲ. ಪಠ್ಯಗ್ರಂಥಕ್ಕೆ ಇದು ದೋಷವಲ್ಲ. ವಿಮರ್ಶಾಲೇಖನವೊಂದನ್ನು ಹೀಗೆ ಬರೆದರೆ ನಷ್ಟವಾದೀತು.

ಅನೇಕರ ಕೈಯಲ್ಲಿ ಪರಿಷ್ಕೃತವಾಗುತ್ತ ಹೋದ ಪಠ್ಯ ನಮ್ಮ ಮಧ್ಯಯುಗದ ಸಾಹಿತ್ಯಕ್ಕೆ ಹೊಸದಲ್ಲ. ಶೂನ್ಯಸಂಪಾದನೆಯನ್ನೇ ತೆಗೆದುಕೊಳ್ಳಬಹುದು. ಶಿವಗಣಪ್ರಸಾದಿ ಮಹಾದೇವಯ್ಯ ಸಂವಾದರೂಪದಲ್ಲಿ ಪೋಣಿಸಿದ ವಚನಗಳನ್ನು ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಒಬ್ಬರಾದ ಮೇಲೊಬ್ಬರು ಹದಿನೈದು-ಹದಿನಾರನೆಯ ಶತಮಾನಗಳಲ್ಲಿ ಮತ್ತೆ ಪರಿಷ್ಕರಿಸಿದರು. ಸಿದ್ಧರಾಮನ ದೀಕ್ಷೆಯ ಪ್ರಸಂಗದಲ್ಲಿ ಈ ಪರಿಷ್ಕರಣಗಳು ಒಂದಕ್ಕೊಂದು ಒಪ್ಪುವುದಿಲ್ಲವೆಂಬುದೂ, ಆ ಭಿನ್ನತೆಯ ಹಿಂದೆ ತತ್ತ್ವದ ಜಿಜ್ಞಾಸೆಯಿದೆಯೆಂಬುದೂ ವಿದ್ವಾಂಸರಿಗೆ ತಿಳಿದದ್ದೇ. ನಾಲ್ಕು ಆವೃತ್ತಿಗಳು ಉಳಿದು ಬಂದ ಭಾಗ್ಯದಿಂದ ನಾವು ಅವುಗಳನ್ನು ಹೋಲಿಸಬಲ್ಲೆವು. ಇಬ್ಬರ ನಡುವೆ ಏನು ನಡೆಯಿತು, ಯಾವ ಗೋಷ್ಠಿಯಲ್ಲಿ ಯಾವ ಆಕ್ಷೇಪ ಬಂತು ಎಂಬುದನ್ನು ಮಾತ್ರ ಊಹಿಸಬೇಕು.

ಆದರೆ ಒಂದು ವಿಷಯದಲ್ಲಿ ಶೂನ್ಯಸಂಪಾದನೆಯ ವ್ಯವಸ್ಥೆ ಗಿಟ್‌ಗಿಂತ ಮೇಲೆಂದು ನಮಗೆ ತೋರುತ್ತದೆ. ಅಲ್ಲಿನ ವಚನಗಳಲ್ಲಿ ಅವುಗಳ ಕರ್ತೃವಿನ ಅಂಕಿತವಿದೆ. ಅಲ್ಲಮನ ವಚನ ‘ಗುಹೇಶ್ವರ’ನನ್ನು ಬಿಟ್ಟು ಬರುವುದಿಲ್ಲ, ಅಕ್ಕನದು ‘ಚೆನ್ನಮಲ್ಲಿಕಾರ್ಜುನ’ನನ್ನು ಬಿಟ್ಟು ಬರುವುದಿಲ್ಲ. ನಾಲ್ವರು ಸಂಪಾದಕರು ಸ್ಥಾನ ಬದಲಿಸಿ, ಸಂದರ್ಭ ಬದಲಿಸಿ, ನಡುವೆ ತಮ್ಮ ಗದ್ಯವನ್ನು ಸೇರಿಸಿ ಜೋಡಿಸಿದರೂ ಕರ್ತೃತ್ವ ಪಠ್ಯದ ಒಡಲಲ್ಲಿಯೇ ಇರುವುದರಿಂದ ಅಳಿಯಲಿಲ್ಲ. ಕಂಠದಿಂದ ಕಂಠಕ್ಕೆ, ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಅದು ಪಠ್ಯದೊಡನೆಯೇ ಪಯಣಿಸಿತು. ಗಿಟ್‌ನ ಸಾಕ್ಷ್ಯವಾದರೋ ಪಠ್ಯದ ಹೊರಗಿದೆ. ಲೇಖನವನ್ನು ಭಂಡಾರದಿಂದ ಹೊರತೆಗೆದು ಪತ್ರಿಕೆಗೆ ಕಳಿಸಿದ ಕ್ಷಣದಲ್ಲಿ ಯಾರು ಯಾವುದನ್ನು ಬರೆದರೆಂಬ ದಾಖಲೆ ಹಿಂದೆ ಉಳಿಯುತ್ತದೆ. ಭಂಡಾರವನ್ನು ಇಟ್ಟಿದ್ದ ಗಣಕ ಕೆಟ್ಟರೆ, ಯೋಜನೆಯ ಅವಧಿ ಮುಗಿದು ಖಾತೆ ಮುಚ್ಚಿದರೆ, ಸಹಲೇಖಕರಲ್ಲಿ ಯಾರ ಬಳಿಯೂ ನಕಲು ಉಳಿಯದಿದ್ದರೆ ಅಲ್ಲಿಗೆ ಮುಗಿಯಿತು. ಸರಳಪಠ್ಯವನ್ನು ಹೊಗಳುವವರು ಸಾಮಾನ್ಯವಾಗಿ ಗಮನಿಸದ ಕೊರತೆ ಇದು.

ಅಂಕಿತವು ಪ್ರಮಾಣವೆಂದು ಕಣ್ಣುಮುಚ್ಚಿ ನಂಬಬೇಕೆಂದು ನಮ್ಮ ಅಭಿಪ್ರಾಯವಲ್ಲ. ಒಂದೇ ವಚನ ಬೇರೆ ಬೇರೆ ಅಂಕಿತಗಳಲ್ಲಿ ದೊರೆಯುವುದುಂಟು. ಹಿರಿಯರ ಅಂಕಿತದಲ್ಲಿ ಮುಂದಿನವರು ಬರೆದದ್ದೂ ಉಂಟು. ಗಿಟ್‌ನ ವಿಷಯದಲ್ಲಿಯೂ ಹೀಗೆಯೇ. ಅದು ದಾಖಲಿಸುವ ಹೆಸರು ಬಳಕೆದಾರರು ತಮ್ಮ ಗಣಕದಲ್ಲಿ ತಾವೇ ತುಂಬಿದ ಹೆಸರು. ಬೇರೆಯವರ ಹೆಸರನ್ನು ತುಂಬಿದರೆ ತಡೆಯುವ ಗುಣ ಅದಕ್ಕೆ ಸ್ವತಃ ಇಲ್ಲ. ಗೂಢಲಿಪಿಯ ಸಹಿಯನ್ನು ಸೇರಿಸಿದರೆ ಭದ್ರತೆ ಬರುತ್ತದೆ, ಆದರೆ ಅದನ್ನು ಸೇರಿಸಲೇಬೇಕೆಂಬ ಕಡ್ಡಾಯವಿಲ್ಲ. ಆದ್ದರಿಂದ ಗಿಟ್ ದಾಖಲೆಯನ್ನೂ ಸಂಪಾದಕನು ಅಂಕಿತವನ್ನು ನೋಡುವಂತೆಯೇ ನೋಡಬೇಕು: ಬಲವಾದ ಸಾಕ್ಷ್ಯವೆಂದು, ಕೊನೆಯ ತೀರ್ಪೆಂದಲ್ಲ.

ಗಿಟ್‌ನಲ್ಲಿ ನಮ್ಮಂಥವರಿಗೆ ಅತ್ಯಂತ ಉಪಯುಕ್ತವಾದ ಒಂದು ಅಂಶವಿದೆ. ಪ್ರತಿಯೊಂದು ದಾಖಲೆಯಲ್ಲಿಯೂ ತಿದ್ದುಪಡಿಯ ಕರ್ತೃ ಬೇರೆ, ಅದನ್ನು ದಾಖಲಿಸಿದವರು ಬೇರೆ ಎಂದು ಎರಡು ಹೆಸರುಗಳಿಗೆ ಸ್ಥಳವಿದೆ. ದೂರದವರು ಅಂಚೆಯಲ್ಲಿ ಕಳಿಸಿದ ತಿದ್ದುಪಡಿಯನ್ನು ಇನ್ನೊಬ್ಬರು ಸೇರಿಸುವ ಲಿನಕ್ಸ್ ಬಳಗದ ರೂಢಿಗೆ ಇದು ಅನುಕೂಲವಾಗಿದೆ. ನಮ್ಮ ಪರಿಭಾಷೆಯಲ್ಲಿ ಇದು ಕವಿ ಮತ್ತು ಲಿಪಿಕಾರರ ಭೇದ. ಲೇಟೆಕ್, ಗಿಟ್ ಎಂದರೆ ಹಿರಿಯ ವಿದ್ವಾಂಸರನೇಕರು ದೂರ ಸರಿಯುತ್ತಾರೆ. ಅವರು ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ತಿದ್ದಿಕೊಡುವವರು. ಅವರನ್ನು ಈ ವಯಸ್ಸಿನಲ್ಲಿ ಗಣಕದ ಮುಂದೆ ಕೂರಿಸುವ ಅಗತ್ಯವಿಲ್ಲ. ಅವರ ತಿದ್ದುಪಡಿಗಳನ್ನು ಅವರ ಹೆಸರಿನಲ್ಲಿಯೂ, ಅದನ್ನು ಗಣಕಕ್ಕೆ ಏರಿಸಿದ ಸಹಾಯಕರ ಹೆಸರನ್ನು ದಾಖಲಿಸಿದವರ ಸ್ಥಾನದಲ್ಲಿಯೂ ಇಟ್ಟರೆ ಇಬ್ಬರಿಗೂ ನ್ಯಾಯವಾಗುತ್ತದೆ. ಸಹಾಯಕರು ಏರಿಸುವಾಗ ತಾವೇ ಕಂಡು ತಿದ್ದಿದ ತಪ್ಪುಗಳಿದ್ದರೆ ಅವು ಬೇರೆ ದಾಖಲೆಯಾಗಬೇಕು. ಈ ಕೊನೆಯ ಮಾತನ್ನು ನಾವು ಒತ್ತಿ ಹೇಳುತ್ತೇವೆ. ಉಲ್ಲೇಖಗಳನ್ನು ಮೂಲದೊಡನೆ ತಾಳೆ ನೋಡುವುದು, ಶಾಸನದ ಸಾಲುಸಂಖ್ಯೆ ಸರಿಪಡಿಸುವುದು, ಇಸವಿ ತಪ್ಪಿದ್ದನ್ನು ಹಿಡಿಯುವುದು ಇವೆಲ್ಲ ಸದ್ದಿಲ್ಲದೆ ನಡೆಯುವ ಕೆಲಸಗಳು. ಹೆಚ್ಚಾಗಿ ಕಿರಿಯರು ಮಾಡುವಂಥವು, ಮುನ್ನುಡಿಯ ಕೃತಜ್ಞತೆಯ ಅರ್ಧ ವಾಕ್ಯದಲ್ಲಿ ಮುಗಿದುಹೋಗುವಂಥವು.

ಈ ವ್ಯವಸ್ಥೆಯ ಇನ್ನೊಂದು ಮಿತಿ ಒಕ್ಕಣೆಯದು. ಏನು ಬದಲಾಯಿತೆಂದು ಗಿಟ್ ತಾನಾಗಿ ಬಲ್ಲುದು. ಏಕೆ ಬದಲಾಯಿತೆಂಬುದನ್ನು ಮನುಷ್ಯರು ಬರೆಯಬೇಕು. ‘ಚಿಕ್ಕ ತಿದ್ದುಪಡಿ’ ಎಂಬ ಎರಡು ಪದಗಳ ಒಕ್ಕಣೆಯ ಹಿಂದೆ ಒಂದು ಇಡೀ ಸಂಜೆಯ ವಾದವಿರಬಹುದು. ಪ್ರಿನ್ಸ್‌ಟನ್ನಿನ ಬಳಗದಲ್ಲಿ ಅನೇಕರು ಒಂದೇ ಸಂಸ್ಥೆಯಲ್ಲಿ ಕಲೆತಿದ್ದವರು, ಕರಿಹಲಗೆಯ ಮುಂದೆ ನಡೆದ ಮಾತು ಭಂಡಾರಕ್ಕೆ ಬಂದಿರುವ ಸಂಭವ ಕಡಿಮೆ. ನಗರನಗರಗಳಲ್ಲಿ ಚದುರಿರುವ ನಮಗೆ, ವಿಚಿತ್ರವೆಂದರೆ, ಇದು ಅನುಕೂಲ. ಮಾತನ್ನೆಲ್ಲ ಬರೆದೇ ಆಡಬೇಕಾದವರು ಕಾರಣಗಳನ್ನೂ ಬರೆದಿಡಲು ಸಾಧ್ಯ.

ಬರೆದಿಟ್ಟ ಕಾರಣಗಳನ್ನು ಪಠ್ಯದೊಳಗೇ ಇಡುವ ಉಪಾಯವೂ ಸರಳಪಠ್ಯದಲ್ಲಿದೆ. ಲೇಟೆಕ್ಕಿನಲ್ಲಿ ಸಾಲಿನ ಮೊದಲು ಶೇಕಡಾ ಚಿಹ್ನೆ ಹಾಕಿದರೆ ಆ ಸಾಲು ಅಚ್ಚಿಗೆ ಬರುವುದಿಲ್ಲ, ಮೂಲಪಠ್ಯದಲ್ಲಿ ಮಾತ್ರ ಇರುತ್ತದೆ. ಓಲೆಯ ಅಂಚಿನಲ್ಲಿ ಬರೆದ ಟಿಪ್ಪಣಿ ಮುಂದಿನ ಲಿಪಿಕಾರನ ಕೈಯಲ್ಲಿ ಮೂಲದೊಳಕ್ಕೆ ನುಗ್ಗಿ ಪ್ರಕ್ಷೇಪವಾದ ನಿದರ್ಶನಗಳನ್ನು ಕಂಡ ನಮಗೆ ಆ ಒಂದು ಚಿಹ್ನೆಯ ಬೆಲೆ ಗೊತ್ತಾಗುತ್ತದೆ. ಆದರೆ ಎಚ್ಚರವೂ ಬೇಕು. ಆರ್ಕೈವ್‌ನಲ್ಲಿ ಮೂಲಪಠ್ಯವನ್ನು ಓದುಗರೂ ಇಳಿಸಿಕೊಳ್ಳಬಹುದಾದ್ದರಿಂದ ಲೇಖಕರು ತಮ್ಮತಮ್ಮಲ್ಲಿ ಆಡಿಕೊಂಡ ಮಾತು ಎಲ್ಲರ ಕಣ್ಣಿಗೂ ಬೀಳುತ್ತದೆ. ಕರಡಿನ ಏಕಾಂತವೂ ಬರೆಹಗಾರರ ಹಕ್ಕೇ ಎಂದು ನಾವು ತಿಳಿಯುತ್ತೇವೆ. ಪ್ರತಿಯೊಂದು ತಡವರಿಕೆಯೂ ಹಿರಿಯರ ಮೇಲ್ವಿಚಾರಣೆಗೆ ಕಾಣಿಸಬೇಕೆಂದಾದರೆ ಕಿರಿಯರು ಧೈರ್ಯವಾಗಿ ಬರೆಯಲಾರರು. ತನ್ನಷ್ಟಕ್ಕೆ ಬೇರೆ ಕವಲಿನಲ್ಲಿ ಬರೆದು, ಮನಸ್ಸಿಗೆ ಬಂದ ಮೇಲೆ ಒಟ್ಟು ಪಠ್ಯಕ್ಕೆ ಸೇರಿಸುವ ಸ್ವಾತಂತ್ರ್ಯವನ್ನು ಗಿಟ್ ಕೊಡುತ್ತದೆ, ಅದನ್ನು ಉಳಿಸಿಕೊಡುವುದು ಯೋಜನೆಯ ಮುಖ್ಯಸ್ಥರ ಹೊಣೆ.

ಇಷ್ಟು ಹೊತ್ತು ‘ಸರಳ’ ಎಂದ ಪಠ್ಯ ಕನ್ನಡಕ್ಕೆ ಬಂದಾಗ ಅಷ್ಟು ಸರಳವಲ್ಲ. ನಮ್ಮ ಗಣಕ ಬರವಣಿಗೆಯ ಮೊದಲ ದಶಕಗಳಲ್ಲಿ ಕಡತದಲ್ಲಿ ಕನ್ನಡ ಅಕ್ಷರವೇ ಹಲವು ಸಲ ಇರುತ್ತಿರಲಿಲ್ಲ. ರೋಮನ್ ಸಂಕೇತಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟು ಇರುತ್ತಿತ್ತು. ಆ ಫಾಂಟಿಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮ ತರುವ ‘ಇಸ್ಕಿ’ಯನ್ನು ೧೯೯೧ರಲ್ಲಿ ಭಾರತೀಯ ಮಾನಕ ಬ್ಯೂರೋ ಅಂಗೀಕರಿಸಿತು. ಅದೇ ವರ್ಷ ಹೊರಬಂದ ಯೂನಿಕೋಡ್ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ೧೨೮ ಸ್ಥಾನಗಳ ಪಟ್ಟಿ ದೊರೆಯಿತು. ಆದರೂ ಹಳೆಯ ಫಾಂಟುಗಳಲ್ಲಿ ಬರೆಯುವ ಅಭ್ಯಾಸ ಬಹುಕಾಲ ಹೋಗಲಿಲ್ಲ. ಆ ಕಾಲದ ಸಂಶೋಧನ ಲೇಖನಗಳನ್ನು ಈಗ ಪರಿವರ್ತಕ ತಂತ್ರಾಂಶಗಳ ಮೂಲಕ ಯೂನಿಕೋಡಿಗೆ ತರುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಪಲ್ಲಟವಾಗುವುದನ್ನು ಸಂಪಾದನಶಾಸ್ತ್ರ ಹೊಸ ಬಗೆಯ ಲಿಪಿಕಾರದೋಷವೆಂದೇ ಪರಿಗಣಿಸಬೇಕು.

ಯೂನಿಕೋಡಿನೊಳಗೂ ಒಂದು ಸೂಕ್ಷ್ಮವಿದೆ. ‘ಕೊ’ ಎಂಬ ಅಕ್ಷರವನ್ನು ಕಕಾರದ ಮೇಲೆ ಓತ್ವದ ಒಂದೇ ಸಂಕೇತವನ್ನು ಇಟ್ಟು ಬರೆಯಬಹುದು; ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳನ್ನು ಒಂದರ ಮುಂದೊಂದಿಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಎರಡೂ ಸಮಾನವೆಂದು ಯೂನಿಕೋಡ್ ನಿಯಮವೇ ಸಾರುತ್ತದೆ. ಆದರೆ ಗಿಟ್ ಸಂಕೇತಗಳನ್ನು ಇದ್ದಂತೆಯೇ ಹೋಲಿಸುವುದರಿಂದ ಅದಕ್ಕೆ ಇವು ಎರಡು ಬೇರೆ ಪಾಠಗಳು. ಸಹಲೇಖಕರಲ್ಲಿ ಒಬ್ಬರ ಕೀಲಿಮಣೆ ಒಂದು ರೀತಿ, ಇನ್ನೊಬ್ಬರದು ಇನ್ನೊಂದು ರೀತಿ ಇದ್ದರೆ ಒಂ‌ದು ಅಕ್ಷರವೂ ಬದಲಾಗದ ಪುಟದಲ್ಲಿ ನೂರಾರು ಪಾಠಭೇದಗಳು ಕಾಣಿಸಿಕೊಳ್ಳುತ್ತವೆ, ನಿಜವಾದ ತಿದ್ದುಪಡಿ ಅವುಗಳ ನಡುವೆ ಮುಚ್ಚಿಹೋಗುತ್ತದೆ. ಕೆಲಸದ ಆರಂಭದಲ್ಲಿಯೇ ಎಲ್ಲ ಕಡತಗಳನ್ನೂ ಒಂದೇ ಪ್ರಮಾಣರೂಪಕ್ಕೆ ತರುವುದು ಅನಿವಾರ್ಯ.

ಇನ್ನು ಹೋಲಿಕೆಯ ಘಟಕ. ಎರಡು ಪಠ್ಯಗಳ ವ್ಯತ್ಯಾಸ ತೋರಿಸುವ ‘ಡಿಫ್’ ಎಂಬ ಕ್ರಮವನ್ನು ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ಹಂಟ್ ಮತ್ತು ಡಗ್ಲಸ್ ಮ್ಯಾಕ್‌ಇಲ್ರಾಯ್ ೧೯೭೦ರ ದಶಕದಲ್ಲಿ ವಿವರಿಸಿದರು. ಅದು ಸಾಲನ್ನು ಘಟಕವಾಗಿ ಹಿಡಿಯುತ್ತದೆ. ಆದಕಾರಣ ಒಂದು ವಾಕ್ಯಕ್ಕೆ ಒಂದು ಸಾಲು ಎಂಬಂತೆ ಬರೆಯಬೇಕೆಂಬ ರೂಢಿ ಸಹಲೇಖಕರಲ್ಲಿ ಬೆಳೆದಿದೆ. ಪ್ರತಿ ವಾಕ್ಯವನ್ನು ಹೊಸ ಸಾಲಿನಲ್ಲಿ ತೊಡಗಬೇಕೆಂದು ಬ್ರಯಾನ್ ಕರ್ನಿಗನ್ ೧೯೭೪ರಲ್ಲಿಯೇ ಸಲಹೆ ಮಾಡಿದ್ದರು. ನಮ್ಮ ವಿದ್ವತ್‌ಗದ್ಯವನ್ನು ಹೀಗೆ ಒಡೆದು ನೋಡಿದರೆ ವಾಕ್ಯಗಳು ಎಷ್ಟು ಉದ್ದವೆಂದು ತಿಳಿದು ನಾಚಿಕೆಯಾಗುವುದೂ ಒಂದು ಲಾಭವೇ. ಸಾಲಿಗಿಂತ ಸೂಕ್ಷ್ಮವಾಗಿ, ಪದಪದವನ್ನು ಹೋಲಿಸುವ ಸೌಕರ್ಯವೂ ಇದೆ. ಅದು ತೆರಪನ್ನು ಪದದ ಎಲ್ಲೆಯೆಂದು ತಿಳಿಯುತ್ತದೆ. ಇಂಗ್ಲಿಷಿಗೆ ಇದು ಸಾಕು. ಕನ್ನಡದಲ್ಲಿ ‘ಮಾಡಬೇಕಾಗಿತ್ತೆಂಬುದನ್ನು’ ಎಂಬುದು ‘ಮಾಡಬೇಕಾಗಿರಲಿಲ್ಲವೆಂಬುದನ್ನು’ ಎಂದು ಬದಲಾದರೆ ಅರ್ಥವೇ ತಲೆಕೆಳಗಾಗುತ್ತದೆ. ‘ಮಾಡಬೇಕಾಗಿತ್ತು ಎಂಬುದನ್ನು’ ಎಂದು ಬಿಡಿಸಿ ಬರೆದರೆ ಏನೂ ಆಗುವುದಿಲ್ಲ. ಗಣಕಕ್ಕೆ ಎರಡೂ ಒಂದು ಪದ ಹೋಗಿ ಇನ್ನೊಂದು ಬಂದ ಒಂದೇ ತೂಕದ ಘಟನೆಗಳು.

ಕನ್ನಡಕ್ಕೆ ಹೊಂದುವ ಘಟಕ ಅಕ್ಷರ. ಇದು ಹೊಸ ವಿಚಾರವೇನಲ್ಲ. ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿ ೧೯೧೯ರಲ್ಲಿ ಆರಂಭವಾಗಿ ೧೯೬೬ರಲ್ಲಿ ಮುಗಿದ ಮಹಾಭಾರತದ ಪರಿಷ್ಕೃತ ಆವೃತ್ತಿಗಾಗಿ ವಿ.ಎಸ್. ಸುಖಠಣಕರ್ ಮತ್ತು ಅವರ ಸಹೋದ್ಯೋಗಿಗಳು ಬಳಸಿದ ತಾಳೆಹಾಳೆಗಳು ಪ್ರಸಿದ್ಧವಾಗಿವೆ. ಹಾಳೆಯ ಮೇಲ್ಸಾಲಿನಲ್ಲಿ ಶ್ಲೋಕವನ್ನು ಚೌಕಕ್ಕೊಂದರಂತೆ ಅಕ್ಷರಗಳಾಗಿ ಬಿಡಿಸಿ ಬರೆದು, ಅದರ ಕೆಳಗೆ ಒಂದೊಂದು ಹಸ್ತಪ್ರತಿಯ ಪಾಠವನ್ನೂ ಅಕ್ಷರಕ್ಕೆ ಅಕ್ಷರ ಸೇರುವಂತೆ ತುಂಬುತ್ತಿದ್ದರು. ಗಿಟ್‌ಗೂ ಹೋಲಿಕೆಯ ಘಟಕ ಯಾವುದೆಂದು ನಾವೇ ಸೂತ್ರ ಬರೆದು ತಿಳಿಸಬಹುದು. ಆಗ ಅದು ಪುಣೆಯ ಚೌಕಗಳಂತೆ ಅಕ್ಷರಶಃ ಹೋಲಿಸೀತು. ಆ ಸೂತ್ರಕ್ಕೆ ಅಕ್ಷರವೆಂದರೇನೆಂದು ವಿವರಿಸಿ ಹೇಳಬೇಕು. ‘ಕ್ಷ’ ಒಂದೇ ಅಕ್ಷರವೆಂದು, ‘ಸ್ತ್ರೀ’ ಒಂದೇ ಅಕ್ಷರವೆಂದು. ಒತ್ತಕ್ಷರಗಳನ್ನು ಬಿಡಿಸದೆ ಒಂದೇ ಘಟಕವಾಗಿ ಹಿಡಿಯುವ ನಿಯಮವನ್ನು ಯೂನಿಕೋಡ್ ೨೦೨೩ರ ತನ್ನ ೧೫.೧ನೆಯ ಆವೃತ್ತಿಯಲ್ಲಿ ಸೇರಿಸಿಕೊಂಡಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಅದರೊಳಗಿದ್ದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.